ಏಕೈಕ ಕನ್ನಡಿಗ

ಎಲ್ಲದಕ್ಕೂ ಕಾರಣ ಒಂದು ಕಾಲಂ. ಕತಾರಿನ ಲುಸೈಲ್‌ನ ಕಮ್ಯೂನಿಟಿ ಕಾಲೇಜಿನ ಸಿಬ್ಬಂದಿ ದಾಖಲೆಯಲ್ಲಿ ‘ಮನೆಮಾತು’ ಎಂಬ ಕಾಲಂ ಆರು ವರ್ಷದಿಂದ ಖಾಲಿ ಬಿದ್ದಿತ್ತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಏಳೂವರೆಗೆ ಡೈರೆಕ್ಟರ್ ಮೇಡಂ ಎಲ್ಲರಿಗೂ ಮೂರು ಪುಟದ ಮೇಲ್ ಕಳಿಸಿದರು. ಆ ಕಾಲಂ ಅನ್ನು ಮಧ್ಯಾಹ್ನ ಒಂದೂವರೆಯೊಳಗೆ ತುಂಬಬೇಕು. ಕಾಲೇಜಿನಲ್ಲಿ ಅತಿ ಕಡಿಮೆ ಸಂಖ್ಯೆಯಲ್ಲಿರುವ ಭಾಷೆಗೆ ನಾಯಕತ್ವ ತರಬೇತಿಯ ಒಂದು ಸೀಟು ಮೀಸಲು. ತರಬೇತಿ ಮುಗಿಸಿದವರು ನೇರವಾಗಿ ವಿದ್ಯಾರ್ಥಿ ವಿಭಾಗದ ಸೂಪರ್‌ವೈಸರ್ ಆಗುತ್ತಾರೆ.

ಇಷ್ಟು ಓದಿದ್ದೇ ರಿಜಿಸ್ಟ್ರೇಷನ್ ಅಸಿಸ್ಟೆಂಟ್ ಮುದ್ದುಕೃಷ್ಣ ಕುರ್ಚಿಯಿಂದ ಎದ್ದು ನಿಂತ.

ಮೈಸೂರಿನಿಂದ ಬಂದು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷದಲ್ಲಿ ಅವನು ಮೂವರು ಸೂಪರ್‌ವೈಸರ್‌ಗಳಿಗೆ ಕೆಲಸ ಕಲಿಸಿದ್ದ. ಆ ಕುರ್ಚಿ ಮಾತ್ರ ಅವನಿಗೆ ಸಿಕ್ಕಿರಲಿಲ್ಲ. ಮೊದಲ ಸಲ ನಿನಗೆ ನಾಯಕತ್ವದ ಅನುಭವವಿಲ್ಲ ಎಂದರು. ಎರಡನೇ ಸಲ ನೀನು ಹೋದರೆ ರಿಜಿಸ್ಟ್ರೇಷನ್ ನೋಡುವವರು ಯಾರು ಎಂದರು. ಮೂರನೇ ಸಲ ಭಾರತದವರು ಆಗಲೇ ಬಹಳ ಇದ್ದಾರೆ, ವೈವಿಧ್ಯ ಬೇಕು ಎಂದರು. ಅವನ ಹೆಂಡತಿ ಭಾನುಮತಿ ಊರಿನವರಿಗೆಲ್ಲ ‘ಇನ್ನೇನು ಸೂಪರ್‌ವೈಸರ್ ಆಗ್ತಾರೆ’ ಎಂದು ಹೇಳಿ ಹೇಳಿ, ಈಚೆಗೆ ಫೋನಿನಲ್ಲಿ ಬರೀ ಹವೆಯ ವಿಚಾರ ಮಾತಾಡುತ್ತಿದ್ದಳು.

ಇವತ್ತು ಅದೇ ವೈವಿಧ್ಯ ಅವನ ಬಾಗಿಲಿಗೆ ಬಂದು ನಿಂತಿತ್ತು. ಅಂಕಿಸಂಖ್ಯೆ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಮಲಯಾಳಂ ಮೂವತ್ತೊಂದು, ನೇಪಾಳಿ ಹದಿನಾಲ್ಕು, ತಮಿಳು ಹನ್ನೆರಡು, ಸಿಂಹಳ ಹನ್ನೊಂದು. ಗೇಟಿನ ಇಬ್ಬರು ಗಾರ್ಡುಗಳದು ಸ್ವಾಹಿಲಿ. ಅವರಿಗಿಂತ ಕಡಿಮೆ ಎಂದರೆ ಒಂದೇ ಒಂದು. ಕನ್ನಡದವರು ಎಂದು ತಿಂಗಳಿಗೊಮ್ಮೆ ಒಂದೇ ಟೇಬಲ್ಲಿಗೆ ಡಬ್ಬಿ ತರುವವರು ಹತ್ತು ಜನ. ಆದರೆ ಆ ಹತ್ತರಲ್ಲಿ ಮನೆಯಲ್ಲೂ ಕನ್ನಡ ಆಡುವವರು ಯಾರು? ಮುದ್ದುಕೃಷ್ಣ ಬೆರಳು ಮಡಚುತ್ತಾ ಹೋದ. ಐದು ಜನ ತುಳುವರು. ವೆರೋನಿಕಾ, ಜೋವಿನ್ ಇಬ್ಬರದು ಕೊಂಕಣಿ. ಅಸೀಫಾಳದು ಬ್ಯಾರಿ. ಎಲ್ಲರೂ ನಿಜ ಬರೆದರೆ ಕಾಲೇಜಿನ ಏಕೈಕ ಕನ್ನಡಿಗ ತಾನೇ. ದುಖಾನ್ ಶಾಖೆಯ ಲೈಬ್ರೇರಿಯನ್ ಯತಿರಾಜ್ ಒಬ್ಬನದು ಮಾತ್ರ ಸ್ವಲ್ಪ ಅನುಮಾನ. ಅದನ್ನೂ ನೋಡಿಕೊಳ್ಳೋಣ ಎಂದು ಅವನು ಷರಟಿನ ತೋಳು ಮಡಚಿದ.

ತೊಡಕಿದ್ದದ್ದು ಬೇರೆ ಕಡೆ. ಕಳೆದ ರಾಜ್ಯೋತ್ಸವದಲ್ಲಿ ಇದೇ ಮುದ್ದುಕೃಷ್ಣ ಶಾಲು ಹೊದ್ದು ಭಾಷಣ ಮಾಡಿದ್ದ. ಮನೆಯಲ್ಲಿ ಯಾವ ಭಾಷೆಯನ್ನೇ ಆಡಿ, ಯಾವ ಅರ್ಜಿಯಲ್ಲಿ ಕೇಳಿದರೂ ಕನ್ನಡ ಎಂದೇ ಬರೆಯಿರಿ, ಸಂಖ್ಯೆಯೇ ನಮ್ಮ ಶಕ್ತಿ ಎಂದು ಗಂಟಲು ಬಿರಿಯುವಂತೆ ಕೂಗಿದ್ದ. ಮೂರು ನಿಮಿಷ ಚಪ್ಪಾಳೆ ಬಿದ್ದಿತ್ತು. ಜನ ಅದನ್ನು ಮರೆತಿರಲಿಲ್ಲ.

ಎಂಟು ಗಂಟೆಗೆ ಐಟಿ ವಿಭಾಗದ ಯಜ್ಞೇಶ್ ನಗುತ್ತಾ ಬಂದ. ಉಡುಪಿಯವನು, ಮುದ್ದುಕೃಷ್ಣನಿಗಾಗಿ ಏನು ಮಾಡಲೂ ಸಿದ್ಧ, ಕಷ್ಟ ಇದ್ದದ್ದೇ ಅದರಲ್ಲಿ. ಆ ಫಾರ್ಮ್ ನಡೆಸುವವನೂ ಅವನೇ.

“ಸರ್, ನೀವೆಂತ ತಲೆಬಿಸಿ ಮಾಡಬೇಡಿ. ನಾನು, ರಶ್ಮಿತಾ, ವೆರೋನಿಕಾ ಎಲ್ಲ ಕನ್ನಡ ಅಂತಲೇ ಹಾಕಿ ಆಯ್ತು. ಪೂವಕ್ಕನಿಗೂ ಹೇಳಿದ್ದೇನೆ. ಹತ್ತಕ್ಕೆ ಹತ್ತು ಕನ್ನಡ.”

ಮುದ್ದುಕೃಷ್ಣ ಎದ್ದು ಬಾಗಿಲು ಮುಚ್ಚಿದ. ಹಾಕಿದ್ದನ್ನು ತೆಗೀರಿ ಎಂದ. ಯಜ್ಞೇಶನಿಗೆ ಅರ್ಥವಾಗಲಿಲ್ಲ. ನಿಜವನ್ನೇ ಬರೆಯಬೇಕು ಕಣ್ರೀ, ತುಳು ಏನು ಕಡಿಮೆ ಭಾಷೆಯೇ, ಅದಕ್ಕೂ ಗೌರವ ಬೇಡವೇ ಎಂದು ಮುದ್ದುಕೃಷ್ಣ ವಿವರಿಸಿದ. ರಾಜ್ಯೋತ್ಸವದ ಭಾಷಣವನ್ನೇ ಕಂಠಪಾಠ ಮಾಡಿದ್ದ ಯಜ್ಞೇಶ್ ಅದರ ನಾಲ್ಕು ಸಾಲು ಒಪ್ಪಿಸಿದ. ಅದು ವೇದಿಕೆಯ ಮಾತು, ಇದು ದಾಖಲೆಯ ಮಾತು ಎಂದು ಮುದ್ದುಕೃಷ್ಣ ತಪ್ಪಿಸಿಕೊಂಡ. ಯಜ್ಞೇಶ್ ಇನ್ನೊಂದು ಅಡ್ಡಿ ಹೇಳಿದ: ಫಾರ್ಮಿನ ಪಟ್ಟಿಯಲ್ಲಿ ತುಳು ಇಲ್ಲ, ಕೊಂಕಣಿ ಇಲ್ಲ, ಬ್ಯಾರಿಯಂತೂ ಇಲ್ಲವೇ ಇಲ್ಲ. ಹಾಗಾದರೆ ಸೇರಿಸಿ ಎಂದು ಮುದ್ದುಕೃಷ್ಣ ಅವನ ಪಕ್ಕ ನಿಂತು ಮೂರನ್ನೂ ಹಾಕಿಸಿದ.

ಅಲ್ಲಿಂದ ಅವನು ಮದುವೆಮನೆಯಲ್ಲಿ ಪಂಕ್ತಿ ನೋಡಿಕೊಳ್ಳುವವನ ಹಾಗೆ ಮಹಡಿಯಿಂದ ಮಹಡಿಗೆ ಓಡಿದ. ವೆರೋನಿಕಾಳಿಗೆ ಕೊಂಕಣಿ ಎಷ್ಟು ಇಂಪು ಎಂದು ಹೇಳಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೊಗಳಿದ್ದರಿಂದ ಅವಳು ಅನುಮಾನದಿಂದ ನೋಡಿದಳು, ಆದರೆ ಬದಲಾಯಿಸಿದಳು. ಹೌಸ್‌ಕೀಪಿಂಗ್‌ನ ಪೂವಕ್ಕ ಮಾತ್ರ ಮಾಪ್ ಗೋಡೆಗೆ ಒರಗಿಸಿ, “ನಮ್ಮ ಭಾಷೆಗೂ ಕಾಲಂ ಉಂಟಾ ಸರ್? ಈವರೆಗೆ ಯಾರೂ ಕೇಳಿರ್ಲಿಲ್ಲ” ಎಂದು ಕಣ್ಣೊರೆಸಿಕೊಂಡಳು. ಮುದ್ದುಕೃಷ್ಣನಿಗೆ ನಾಚಿಕೆಯಾಯಿತು. ಆದರೂ ಅವಳ ಫೋನಿನಲ್ಲಿ ತುಳು ಒತ್ತಿಸಿಯೇ ಮುಂದೆ ಹೋದ.

ಪ್ಯಾಂಟ್ರಿಯಲ್ಲಿ ಚಹಾ ಮಾಡುತ್ತಿದ್ದ ಚನಿಯ ಸುಲಭಕ್ಕೆ ಬಗ್ಗಲಿಲ್ಲ. ನಲವತ್ತು ದಾಟಿದ ಪುತ್ತೂರಿನವನು, ಬರ್ವಾ ಅಲ್ ಬರಾಹಾ ಕಾರ್ಮಿಕರ ವಸತಿಯ ಕೋಣೆಯಿಂದ ಎರಡು ಬಸ್ಸು ಬದಲಾಯಿಸಿ ಬರುವವನು. ನೀವು ಹೇಳಿದಿರಿ ಎಂದು ಕನ್ನಡ ಹಾಕಿದ್ದೇನೆ, ಈಗ ನೀವೇ ತೆಗೆ ಎಂದರೆ ನನ್ನಿಂದೇನಾದರೂ ತಪ್ಪಾಯಿತಾ ಎಂದು ಕೇಳಿದ. ತಪ್ಪೇನಿಲ್ಲ, ನಿನ್ನ ಭಾಷೆ ನಿನ್ನ ಹಕ್ಕು ಎಂದು ಮುದ್ದುಕೃಷ್ಣ ಹೆಗಲು ತಟ್ಟಿದ. ಚನಿಯ ಒಂದು ಲೋಟ ಚಹಾ ಕೊಟ್ಟು, ಹಾಗಾದರೆ ತುಳು ಎಂದ.

ಅಸೀಫಾಳ ಕೌನ್ಸೆಲಿಂಗ್ ಕೋಣೆಗೆ ಬರುವ ಹೊತ್ತಿಗೆ ಅವನ ಆತ್ಮವಿಶ್ವಾಸ ಉಕ್ಕುತ್ತಿತ್ತು. ಅವಳು ಕಂಪ್ಯೂಟರಿನ ಮುಂದೆ ಬೆರಳು ಎತ್ತಿ ಹಿಡಿದು ಕೂತಿದ್ದಳು.

“ಎಂತ ಹಾಕುದು ಹೇಳಿ ಸರ್. ಬ್ಯಾರಿಯಾ, ಕನ್ನಡವಾ? ನೀವು ಹೇಳಿದ್ದನ್ನೇ ಒತ್ತುತ್ತೇನೆ.”

ಮುದ್ದುಕೃಷ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕನ್ನಡ ಎಂದರೆ ಕನ್ನಡ ಎರಡಾಗುತ್ತದೆ. ಬ್ಯಾರಿ ಎಂದರೆ ಕಾಲೇಜಿನ ಏಕೈಕ ಬ್ಯಾರಿ ಅವಳಾಗುತ್ತಾಳೆ, ತನ್ನ ಸರಿಸಮಕ್ಕೆ ಬಂದು ನಿಲ್ಲುತ್ತಾಳೆ. ಹನ್ನೆರಡರವರೆಗೆ ಏನೂ ಒತ್ತಬೇಡಿ, ಸರ್ವರ್ ಸ್ವಲ್ಪ ನಿಧಾನ ಇದೆ ಎಂದು ಹೇಳಿ ಹೊರಗೆ ಬಂದ. ಆಗ ಒಂಬತ್ತು ಗಂಟೆ. ಯತಿರಾಜನಿಗೆ ನಾಲ್ಕು ಸಲ ಫೋನ್ ಮಾಡಿದ. ಲೈಬ್ರರಿಯಲ್ಲಿ ಯತಿರಾಜ್ ಫೋನ್ ಎತ್ತುವುದಿಲ್ಲ, ಅದು ಅವನ ವ್ರತ. ಅಂಗಳದಲ್ಲಿ ದುಖಾನ್‌ಗೆ ಹೊರಟ ಕಾಲೇಜ್ ವ್ಯಾನ್ ನಿಂತಿತ್ತು. ಮುದ್ದುಕೃಷ್ಣ ಹತ್ತಿ ಕೂತ.

ಹತ್ತಿದ್ದು ಒಳ್ಳೆಯದೇ ಆಯಿತು. ಮರಳಿನ ನಡುವೆ ವ್ಯಾನ್ ಓಡುತ್ತಿರುವಾಗ ಡ್ರೈವರ್ ಮೊಯಿದಿನಬ್ಬ ಸ್ಪೀಕರಿನಲ್ಲಿ ಹೆಂಡತಿಯೊಂದಿಗೆ ಮಾತಾಡತೊಡಗಿದ. ಎಲ್ಲರೂ ಅವನನ್ನು ಮಲಯಾಳಿ ಎಂದೇ ತಿಳಿದಿದ್ದರು. ಮುದ್ದುಕೃಷ್ಣ ಕಿವಿ ನಿಮಿರಿಸಿದ. ಅಸೀಫಾ ಅಮ್ಮನ ಜೊತೆ ಆಡುವ ಮಾತು ಇದೇ. ಊರು ಯಾವುದು ಎಂದು ಕೇಳಿದ. ಉಳ್ಳಾಲ ಎಂದು ಉತ್ತರ ಬಂತು. ಫಾರ್ಮಿನಲ್ಲಿ ಏನು ಹಾಕಿದಿರಿ ಎಂದು ಕೇಳಿದರೆ, ಮಲಯಾಳಂ, ಪಟ್ಟಿಯಲ್ಲಿ ಹತ್ತಿರದ್ದು ಅದೇ ಇದ್ದದ್ದು ಎಂದ. ಈಗ ಬ್ಯಾರಿಯೂ ಇದೆ ಎಂದಾಗ ಮೊಯಿದಿನಬ್ಬ ವ್ಯಾನನ್ನೇ ಬದಿಗೆ ನಿಲ್ಲಿಸಿ ಬದಲಾಯಿಸಿದ. ಬ್ಯಾರಿ ಎರಡು ಗ್ಯಾರಂಟಿಯಾಯಿತು. ಅಸೀಫಾಳಿಗೆ, ಧೈರ್ಯವಾಗಿ ಬ್ಯಾರಿ ಒತ್ತಿ, ಸರ್ವರ್ ಸರಿಯಾಗಿದೆ ಎಂದು ಮೆಸೇಜ್ ಹೋಯಿತು.

ದುಖಾನ್ ಲೈಬ್ರರಿಯಲ್ಲಿ ಯತಿರಾಜ್ ಒಬ್ಬನೇ ಪುಸ್ತಕಗಳಿಗೆ ನಂಬರ್ ಅಂಟಿಸುತ್ತಿದ್ದ. ಮೈಸೂರಿನ ಅಯ್ಯಂಗಾರರ ಪೈಕಿ, ಹಳಗನ್ನಡವನ್ನು ತಿಂಡಿಯ ಹಾಗೆ ಸವಿಯುವವನು. ಕನ್ನಡ ಎಂದು ತುಂಬಿ ಬೆಳಿಗ್ಗೆಯೇ ಕೈತೊಳೆದುಕೊಂಡಿದ್ದ. ಮುದ್ದುಕೃಷ್ಣ ನೇರ ವಿಷಯಕ್ಕೆ ಬಂದ.

“ಯತಿರಾಜ್, ಮನೇಲಿ ಸಾರಿಗೆ ಏನಂತೀರಿ?”

“ಸಾತ್ತಮುದು. ಯಾಕೆ?”

“ಅಮ್ಮನ ಹತ್ರ ಯಾವ ಭಾಷೇಲಿ ಜಗಳ ಆಡ್ತೀರಿ?”

ಯತಿರಾಜ್ ಗೋಂದಿನ ಬಾಟಲಿ ಕೆಳಗಿಟ್ಟ. ಅವನಿಗೆ ನಿಜಕ್ಕೂ ನೋವಾಗಿತ್ತು. ನಮ್ಮ ಮನೆಯ ತಮಿಳು ಕೇಳಿದರೆ ತಮಿಳರೇ ಓಡಿಹೋಗುತ್ತಾರೆ, ನಾನು ಕನಸು ಕಾಣುವುದು ಕನ್ನಡದಲ್ಲಿ, ಒಂದು ಷಟ್ಪದಿಯನ್ನು ಲಯ ತಪ್ಪದೆ ಓದಲು ಬಾರದ ನೀವು ನನ್ನನ್ನು ಕನ್ನಡದಿಂದ ಹೊರಗೆ ಹಾಕಲು ನೂರು ಮೈಲಿ ಬಂದಿರಾ ಎಂದು ಕೇಳಿದ. ಐವತ್ತು ಮೈಲಿಯೂ ಆಗುವುದಿಲ್ಲ ಎಂದು ಹೇಳುವ ಧೈರ್ಯ ಮುದ್ದುಕೃಷ್ಣನಿಗೆ ಬರಲಿಲ್ಲ. ಸುಳ್ಳು ಸಾಕೆನಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ. ಹನ್ನೊಂದು ವರ್ಷ, ಮೂವರು ಸೂಪರ್‌ವೈಸರ್, ಭಾನುಮತಿಯ ಹವೆಯ ವಿಚಾರ, ಎಲ್ಲವನ್ನೂ.

ಯತಿರಾಜ್ ಕಂಪ್ಯೂಟರಿನ ಕಡೆ ತಿರುಗಿದ. “ನಿಮಗೋಸ್ಕರ ಮಾಡ್ತಿದ್ದೀನಿ. ಭಾಷೆಗೋಸ್ಕರ ಅಲ್ಲ” ಎಂದು ತಮಿಳು ಒತ್ತಿದ.

ಒಂದು ಗಂಟೆಗೆ ಲುಸೈಲ್ ತಲುಪಿದ ಮುದ್ದುಕೃಷ್ಣ ಐಟಿ ಕೋಣೆಯಲ್ಲಿ ಪಟ್ಟಿ ನೋಡಿದ. ಕನ್ನಡ: ಒಂದು. ಕಣ್ಣು ತಂಪಾಯಿತು. ಅಭಿಮಾನ ಉಕ್ಕಿ ಯಾರಾದರೂ ಕೊನೇ ಗಳಿಗೆಯಲ್ಲಿ ಮತ್ತೆ ಕನ್ನಡ ಒತ್ತಿಬಿಟ್ಟರೆ? ಒಂದೂವರೆಗೆ ಸರಿಯಾಗಿ ಲಾಕ್ ಮಾಡಬೇಕು, ಆಮೇಲೆ ಡೈರೆಕ್ಟರ್ ಬಂದು ಹೇಳಿದರೂ ತೆರೆಯಲು ಆಗಬಾರದು ಎಂದು ಯಜ್ಞೇಶನ ಹಿಂದೆಯೇ ನಿಂತು ಮಾಡಿಸಿದ. ನಂತರ ಭಾನುಮತಿಗೆ ಫೋನ್ ಮಾಡಿ, ಸಂಜೆ ಊರಿಗೆಲ್ಲ ಧಾರಾಳವಾಗಿ ಫೋನ್ ಮಾಡು ಎಂದ.

ಎರಡು ಗಂಟೆಗೆ ಸಭಾಂಗಣ ತುಂಬಿತ್ತು. ಮುದ್ದುಕೃಷ್ಣ ಮುಂದಿನ ಸಾಲಿನಲ್ಲಿ, ವೇದಿಕೆ ಹತ್ತಲು ಅನುಕೂಲವಾಗುವಂತೆ ತುದಿಯ ಕುರ್ಚಿಯಲ್ಲಿ ಕೂತಿದ್ದ. ಮೇಡಂ ಬಹಳ ಸಂತೋಷದಲ್ಲಿದ್ದರು. ಬೆಳಿಗ್ಗೆ ಇದ್ದ ಭಾಷೆಗಳ ಪಟ್ಟಿ ಮಧ್ಯಾಹ್ನದ ಹೊತ್ತಿಗೆ ಬೆಳೆದಿತ್ತು. ಕಾಲೇಜು ಎಂದೂ ಹೆಸರೇ ಕೇಳದ ಭಾಷೆಗಳು ಬೆಳಕಿಗೆ ಬಂದವು, ಇದಕ್ಕೆ ಮುದ್ದುಕೃಷ್ಣ ಎಂಬ ಒಬ್ಬ ವ್ಯಕ್ತಿ ಬೆಳಗಿನಿಂದ ಓಡಾಡಿದ್ದು ಕಾರಣ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. ಜೋರಾಗಿ ಚಪ್ಪಾಳೆ ಬಿತ್ತು. ಅವನು ಅರ್ಧ ಎದ್ದು ಕೈಮುಗಿದು ಕೂತ.

ಆಮೇಲೆ ಮೇಡಂ ಮೂರು ಪುಟಗಳ ಆ ಮೇಲ್‌ನ ಮೂರನೇ ಪುಟ ತೆಗೆದರು. ಐದಕ್ಕಿಂತ ಕಡಿಮೆ ಜನರಿರುವ ಭಾಷೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಷ್ಟು ಸಣ್ಣ ಗುಂಪಿನಲ್ಲಿ ಯಾರು ಯಾರೆಂದು ಗುರುತು ಸಿಕ್ಕಿಬಿಡುತ್ತದೆ. ಹಾಗಾಗಿ ಕನ್ನಡ, ಬ್ಯಾರಿ, ಕೊಂಕಣಿ, ಸ್ವಾಹಿಲಿ ಇವೆಲ್ಲ ‘ಇತರೆ’. ಉಳಿದವುಗಳಲ್ಲಿ ಅತಿ ಚಿಕ್ಕದು ತುಳು, ಸರಿಯಾಗಿ ಐದು ಜನ. ಅವರು ತಮ್ಮಲ್ಲಿ ಒಬ್ಬರನ್ನು ಈಗಲೇ ಆರಿಸಬೇಕು.

ತುಳುವರು ಮೂಲೆಯಲ್ಲಿ ಸೇರಿ ಒಂದು ನಿಮಿಷ ಗುಸುಗುಸು ಮಾಡಿದರು. ಚನಿಯನ ಹೆಸರು ಬಂತು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ದಾರಿ ಕೇಳುವುದೂ ಕಷ್ಟ ಹೇಳಿಕೊಳ್ಳುವುದೂ ಪ್ಯಾಂಟ್ರಿಯಲ್ಲೇ, ಇಪ್ಪತ್ತೈದು ವರ್ಷದ ಹಿಂದೆ ಪಿಯುಸಿಗೆ ನಿಂತ ಓದು ಈಗ ಮುಂದುವರಿಯಲಿ ಎಂದು ಪೂವಕ್ಕ ಹೇಳಿದಳಂತೆ. ಉಳಿದವರೆಲ್ಲ ಒಪ್ಪಿದರು. ಚನಿಯ ಏಪ್ರನ್ ಬಿಚ್ಚುವುದನ್ನೂ ಮರೆತು ವೇದಿಕೆಗೆ ಹೋದ. ಅವನ ಮುಖ ನೋಡಿ ಮುದ್ದುಕೃಷ್ಣನಿಗೂ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೇ ಆಗುತ್ತಿದ್ದುದರಿಂದ ಯಾವುದಕ್ಕೆ ಮೊದಲು ಗಮನ ಕೊಡಬೇಕೆಂದು ತಿಳಿಯಲಿಲ್ಲ.

ಯಜ್ಞೇಶ್ ಬಂದು ಪಕ್ಕದಲ್ಲಿ ಕೂತ. ತುಂಬ ಬೇಸರದಿಂದ, ಮೆಲ್ಲಗೆ ಹೇಳಿದ: “ಬೆಳಿಗ್ಗೆ ಇದ್ದ ಹಾಗೆ ಬಿಟ್ಟಿದ್ರೆ ನಾವು ಹತ್ತು ಜನ ಆಗ್ತಿತ್ತು ಸರ್. ಸಿಂಹಳದವರು ಹನ್ನೊಂದು. ಸೀಟು ಕನ್ನಡಕ್ಕೇ ಬರ್ತಿತ್ತು. ಹತ್ತು ಕೈಯೂ ನಿಮಗೇ ಏಳ್ತಿತ್ತು, ಕೇಳುವ ಅಗತ್ಯವೇ ಇರ್ಲಿಲ್ಲ.”

“ಈಗ ತಿದ್ದಕ್ಕೆ ಆಗಲ್ವೇನ್ರೀ?”

“ಡೈರೆಕ್ಟರ್ ಬಂದು ಹೇಳಿದ್ರೂ ಆಗದ ಹಾಗೆ ಲಾಕ್ ಮಾಡಿಸಿದ್ದೀರಲ್ಲ.”

ಸಭೆ ಮುಗಿಯುವ ಮೊದಲು ಮೇಡಂ ಇನ್ನೊಂದು ಘೋಷಣೆ ಮಾಡಿದರು. ‘ಇತರೆ’ಯವರಿಗೂ ಒಬ್ಬ ನಾಯಕ ಬೇಕು. ಅದಕ್ಕೆ ಹುದ್ದೆ ಇಲ್ಲ, ಕೋಣೆ ಇಲ್ಲ, ಆದರೆ ಗೌರವ ಇದೆ. ಮುದ್ದುಕೃಷ್ಣನಿಗಿಂತ ಯೋಗ್ಯರು ಸಿಗಲಾರರು. ಮತ್ತೆ ಚಪ್ಪಾಳೆ ಬಿತ್ತು. ಗೇಟಿನ ಸ್ವಾಹಿಲಿ ಗಾರ್ಡುಗಳಿಬ್ಬರೂ ಎದ್ದು ಬಂದು ತಮ್ಮ ಹೊಸ ನಾಯಕನ ಕೈ ಕುಲುಕಿದರು.

ಮೂರು ಗಂಟೆಗೆ ಚನಿಯ ಹೊಸ ನೋಟ್‌ಬುಕ್ ಹಿಡಿದು ರಿಜಿಸ್ಟ್ರೇಷನ್ ಕೋಣೆಯ ಬಾಗಿಲಲ್ಲಿ ನಿಂತ. ಆರು ತಿಂಗಳು ಕೆಲಸ ಕಲಿಯಬೇಕಂತೆ, ಆಮೇಲೆ ಈ ವಿಭಾಗವೂ ತನ್ನ ಕೈಕೆಳಗೇ ಬರುತ್ತದಂತೆ, ಕಲಿಸಲು ಮೇಡಂ ನಿಮ್ಮ ಹೆಸರೇ ಹೇಳಿದ್ದಾರೆ ಎಂದು ಸಂಕೋಚದಿಂದ ತಿಳಿಸಿದ. ಟೇಬಲ್ಲಿನ ಮೇಲೆ ಫೋನ್ ಅಲುಗಾಡುತ್ತಿತ್ತು. ಭಾನುಮತಿ ಎರಡನೇ ಸಲ ಕರೆಯುತ್ತಿದ್ದಳು. ಮುದ್ದುಕೃಷ್ಣ ಅದನ್ನು ಬೋರಲು ಹಾಕಿ, ಪಕ್ಕದ ಕುರ್ಚಿ ಎಳೆದು ಚನಿಯನನ್ನು ಕೂರಿಸಿದ.

“ಬರ್ಕೊಳ್ಳಪ್ಪ” ಎಂದ. “ಮೊದಲ್ನೇ ಪಾಠ. ಯಾವುದೇ ಫಾರ್ಮ್ ಮುಟ್ಟೋಕ್ ಮುಂಚೆ, ಮೂರನೇ ಪುಟದವರೆಗೂ ಓದ್ಬೇಕು.”