ಕತ್ತರಿಸಿದ ಹತ್ತು ಮೊಳ

ಹಾಳಾದ ವಸ್ತು ಕಂಡರೆ ಕೆಲವರಿಗೆ ಅಯ್ಯೋ ಅನಿಸುತ್ತದೆ, ಕೆಲವರಿಗೆ ಎಸೆದುಬಿಡೋಣ ಅನಿಸುತ್ತದೆ. ನನಗೆ ಮಾತ್ರ ಕತ್ತರಿ ಎಲ್ಲಿದೆ ಎಂಬ ಯೋಚನೆ ಬರುತ್ತದೆ. ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ತಲೆ ನರೆಸಿಕೊಂಡವನು ನಾನು. ಬಟ್ಟೆಯ ಥಾನಿನ ನಡುವೆ ಇಲಿ ಕಡಿದಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಗಿರಾಕಿಯ ಮುಂದೆ ನಗುನಗುತ್ತ ಹರಡುವುದು ನಮ್ಮ ಕಸುಬು. ಈ ಬುದ್ಧಿ ಅಂಗಡಿಯಲ್ಲಷ್ಟೇ ಇದ್ದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ರೊಟ್ಟಿಯ ಅಂಚು ಒಂಚೂರು ಸೀದಿದ್ದರೂ ಸುತ್ತ ಹರಿದು ಗುಂಡಗೆ ಮಾಡಿಕೊಂಡೇ ತಿನ್ನುತ್ತೇನೆ. "ನೀವು ತಿನ್ನೋ ಹೊತ್ತಿಗೆ ನನ್ನ ರೊಟ್ಟಿ ಹಪ್ಪಳದಷ್ಟು ಆಗಿರತೈತಿ" ಎಂದು ನನ್ನ ಹೆಂಡತಿ ಶಾಂತಮ್ಮ ಗೊಣಗುತ್ತಾಳೆ. ಅವಳ ಮಾತನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮಪ್ಪನದು ಟೂರಿಂಗ್ ಟಾಕೀಸು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ಡೇರೆ ಹೊತ್ತು ತಿರುಗಿದವನು ಕೊನೆಗೆ ಉಳಿಸಿಹೋದದ್ದು ಒಂದು ಪ್ರೊಜೆಕ್ಟರು, ಒಂದೇ ಒಂದು ಸಿನಿಮಾದ ರೀಲುಗಳು. ಬೇರೆಲ್ಲೂ ಅದರ ಪ್ರತಿ ಉಳಿದಂತಿಲ್ಲ. ಆ ಸಿನಿಮಾದ ಒಂದು ದೃಶ್ಯವನ್ನು ನೀಲಗುಂದದ ಭೀಮೇಶ್ವರ ಗುಡಿಯ ಹತ್ತಿರ ತೆಗೆದಿದ್ದರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಕೊಡ ಹೊತ್ತು ಸಾಲಾಗಿ ಹೋಗುತ್ತಾರೆ, ಅಷ್ಟೇ. ಆದರೆ ನಮ್ಮ ಕಡೆಯ ಜನಕ್ಕೆ ನಾಯಕನ ಹಾಡೂ ಬೇಡ, ಹೊಡೆದಾಟವೂ ಬೇಡ. ಆ ಸಾಲು ಪರದೆಗೆ ಬಂದದ್ದೇ ಡೇರೆಯ ತುಂಬ ಸಿಳ್ಳೆ. "ಬಂದ್ಲಲೇ ನಮ್ಮ ದೊಡ್ಡವ್ವ! ಹಿಂದಕ್ಕ ತಿರುವ್ರಿ, ಇನ್ನೊಮ್ಮಿ ಬಿಡ್ರಿ!" ಆಪರೇಟರು ರೀಲನ್ನು ಕೈಯಲ್ಲೇ ಹಿಂದಕ್ಕೆ ಸುತ್ತಿ ಮತ್ತೆ ತೋರಿಸಬೇಕು. ತೋರಿಸದಿದ್ದರೆ ಡೇರೆಯ ಹಗ್ಗ ಬಿಚ್ಚಿಬಿಡುತ್ತಿದ್ದರು. ಒಮ್ಮೊಮ್ಮೆ ಆ ಹೆಂಗಸರು ನೀರು ಹೊತ್ತೂ ಹೊತ್ತೂ ಸಿನಿಮಾದ ಕತೆ ಮುಂದಕ್ಕೇ ಹೋಗುತ್ತಿರಲಿಲ್ಲ.

ಆ ಸಾಲಿನಲ್ಲಿ ಮಹಬೂಬ್ ಸಾಬರ ತಾಯಿಯೂ ಇದ್ದಳು. ಮಹಬೂಬ್ ಸಾಬರು ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುವವರು. ತಾಯಿ ತೀರಿ ಎಷ್ಟೋ ವರ್ಷವಾಗಿದೆ, ಮನೆಯಲ್ಲಿ ಆಕೆಯದೊಂದು ಫೋಟೋ ಇಲ್ಲ. ತುಕ್ಕು ತಿಂದ ನನ್ನ ಪ್ರೊಜೆಕ್ಟರನ್ನು ಬಿಚ್ಚಿ, ಜೋಡಿಸಿ, ತಿರುಗಿಸಿ ತೋರಿಸಿದ ದಿನ ಅವರು ಅಂದರು: "ನಮ್ಮ ಮಗಳು ಶಮೀಮ್ ಅವರಜ್ಜಿನ್ನ ನೋಡೇ ಇಲ್ರಿ ಸಾವ್ಕಾರ್ರ. ಎಲ್ಲಾರೂ ನೀ ಅಜ್ಜಿ ಹಂಗ ಅದೀ ಅಂತಾರ. ಒಮ್ಮಿ ತೋರಸ್ರಿ ಸಾಕು." ತೋರಿಸುತ್ತೇನೆ ಎಂದೆ. ಅದೂ ಹೊಸದರಂತೆ ಮಾಡಿ ತೋರಿಸುತ್ತೇನೆ ಎಂದು ಒಂದು ಮಾತು ಹೆಚ್ಚೇ ಸೇರಿಸಿದೆ.

ಡಬ್ಬಿ ತೆರೆದರೆ ಹುಳಿ ವಾಸನೆ. ಮಖಮಲ್ ತುಂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಫಿಲಮನ್ನು ಬೆರಳುಗಳ ನಡುವೆ ಹಾಯಿಸುತ್ತ, ಒಂದು ಚಕ್ರದಿಂದ ಇನ್ನೊಂದಕ್ಕೆ ನಿಧಾನ ಸುತ್ತುತ್ತ ಕೂತೆ. ಬಟ್ಟೆಗೆ ಅಂಟಿ ಬಂದ ಕೊಳೆ ನೋಡಿ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಬಂದವರಿಗೆಲ್ಲ ಆ ಕೊಳೆ ತೋರಿಸಿದೆ. ಒಂದು ರೀಲಿನಲ್ಲಿ ಮಾತ್ರ ಸುಮಾರು ಹತ್ತು ಮೊಳದಷ್ಟು ಭಾಗ ನೋಡಿ ಮೈ ಉರಿಯಿತು. ಅಂಚಿನ ತೂತುಗಳೆಲ್ಲ ಹರಿದಿದ್ದವು, ಅಂಟಿಸಿದ ಪಟ್ಟಿಗಳು ಕಪ್ಪಾಗಿದ್ದವು. ಬೆಳಕಿಗೆ ಹಿಡಿದರೆ ಬರೀ ಗೀರು, ಮನುಷ್ಯರ ಗುರುತೇ ಸಿಗಲಿಲ್ಲ. ಇಡೀ ಸಿನಿಮಾದಲ್ಲಿ ಇದೊಂದೇ ಜಾಗ ಯಾಕೆ ಇಷ್ಟು ಸವೆದಿದೆ ಎಂದು ಒಂದು ಗಳಿಗೆ ಯೋಚಿಸಬಹುದಿತ್ತು. ಡೇರೆಯಲ್ಲೇ ಬೆಳೆದವನು ನಾನು, ಉತ್ತರ ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕು? ಕತ್ತರಿ ಕೈಯಲ್ಲಿತ್ತು. ಕತ್ತರಿಸಿದೆ. ಎರಡು ತುದಿ ಕೆರೆದು, ಅಂಟು ಸವರಿ, ಒತ್ತಿ ಹಿಡಿದು ಬೆಸೆದೆ. ತುಂಡುಗಳನ್ನು ಶಾಂತಮ್ಮ ಗುಡಿಸಿ ಬೆಳಿಗ್ಗೆ ಹಾಡು ಹಾಕಿಕೊಂಡು ಬಂದ ಕಸದ ಗಾಡಿಗೆ ಕೊಟ್ಟಳು.

ಮುಂದಿನ ವಾರ, ಸಂಜೆ ನಮ್ಮ ಗೋದಾಮಿನ ಗೋಡೆಗೆ ಬಿಳಿ ಮಲ್ಲು ಬಟ್ಟೆ ಕಟ್ಟಿ ಸಿನಿಮಾ ಬಿಟ್ಟೆವು. ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದಿದ್ದರು. ಮಹಬೂಬ್ ಸಾಬರು ಇಸ್ತ್ರಿ ಅಂಗಿ ತೊಟ್ಟು, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಮುಂದಿನ ಸಾಲಿನಲ್ಲಿದ್ದರು. ನೀಲಗುಂದದ ಗುಡಿ ಬಂತು. "ಈಗ ಬರತಾಳ ನೋಡವಾ" ಎಂದರು. ಗುಡಿ ಹೋಯಿತು, ನಾಯಕ ಕುದುರೆ ಏರಿ ಬಂದ. ನಾನು ಕತ್ತರಿಸಿದ ಹತ್ತು ಮೊಳ ಯಾವುದೆಂದು ಆಗ ಹೊಳೆಯಿತು.

"ಎಲ್ಲ್ಯದಾಳ ಅಬ್ಬಾ?" ಎಂದು ಶಮೀಮ್ ಕೇಳಿದಳು.

ಮಹಬೂಬ್ ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಕಣ್ಣ ಸರಿ ಇಲ್ಲ. ಸಾವ್ಕಾರ್ರ, ಹಿಂದಕ್ಕ ತಿರುವ್ರಿ, ಇನ್ನೊಮ್ಮಿ ಬಿಡ್ರಿ."

ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟೆ. ಗುಡಿ, ಕುದುರೆ. ನಡುವಿನ ಬೆಸುಗೆ ಒಂದು ಸಣ್ಣ ಸದ್ದೂ ಇಲ್ಲದೆ ದಾಟಿತು. ಪ್ರೊಜೆಕ್ಟರು ಓಡಲು ಬಿಟ್ಟು, ಅವರ ಹತ್ತಿರ ಹೋಗಿ ಕೂತು, ಕತ್ತರಿಸಿದ್ದನ್ನು ಹೇಳಿದೆ.

ಅವರು ಕೇಳಿದರು: "ಭಾಳ ಕೆಟ್ಟಿತ್ತೇನ್ರಿ?"

"ಬರೇ ಗೀರು ಸಾಬ್ರ. ಯಾರ ಮುಖಾನೂ ಕಾಣ್ತಿರಲಿಲ್ಲ."

"ಮುಖ ಎದಕ್ರಿ? ನಮ್ಮಮ್ಮನ ನಡಿಗಿ ಕಂಡಿದ್ರ ಸಾಕಿತ್ತು."

ಹಿಂದೆ ಕೂತವರಿಗೆ ಇದೊಂದೂ ಕೇಳಿಸಿರಲಿಲ್ಲ. ಸಿನಿಮಾ ಮುಗಿದು ದೀಪ ಹಾಕುತ್ತಲೇ ಎದುರಂಗಡಿಯ ವೀರಣ್ಣ ಎದ್ದು, "ಎಲ್ಲೂ ಹರಿಲಿಲ್ಲ, ನಿಂದರಲಿಲ್ಲ, ಹೊಸಾ ರೀಲ್ ಇದ್ದಂಗ ಐತಿ. ಯಾರ ಕೈಕೆಲಸರೀ ಇದು?" ಎಂದು ಕೂಗಿದ. ಮಹಬೂಬ್ ಸಾಬರು ಮಗಳ ಕೈ ಹಿಡಿದು ಏಳುತ್ತ, ದನಿಯಲ್ಲಿ ಒಂದಿಷ್ಟೂ ಕಹಿಯಿಲ್ಲದೆ, "ಸಾವ್ಕಾರ್ರದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡು ಇನ್ನಷ್ಟು ಜೋರಾಗಿ ತಟ್ಟಿದರು.