ಬೋಣಿಗೆ ಮುಂಚೆ ಬೇಡ ಅನ್ನಬಾರದು

ಕಂಪ್ಯೂಟರ್ ರಿಪೇರಿಯವನು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ಫೋನ್ ಎತ್ತಿದರೆ ಸಾಕು, ವಾರಕ್ಕೊಂದಾದರೂ ಇಂಥದ್ದು ಆಗಿಯೇ ಆಗುತ್ತದೆ. ಆಂಧ್ರದ ಗಡಿಯೂರು ಆದೋನಿಯಲ್ಲಿ ಮಾರ್ಕೆಟ್ ಯಾರ್ಡಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಹದಿನಾಲ್ಕು ವರ್ಷದಲ್ಲಿ ನಾನು ಕಂಡುಕೊಂಡಿದ್ದು ಇಷ್ಟೇ: ಮಷೀನು ಪಾಪದ್ದು, ತಾನಾಗಿ ಏನೂ ಮಾಡುವುದಿಲ್ಲ. ಅದನ್ನು ಕೆಡಿಸುವುದು ನಮ್ಮ ಜನರ ಒಳ್ಳೆಯತನ. ನಂಬದಿದ್ದರೆ ಹತ್ತಿ ಸಾಹುಕಾರರ ಮನೆಯ ಕಥೆ ಕೇಳಿ. ಜಾಹೀರಾತು ನಿಲ್ಲಿಸಲು ಆ ಒಂದು ಮನೆಗೆ ನಾನು ಒಂದೇ ತಿಂಗಳಲ್ಲಿ ಐದು ಸಲ ಹೋಗಿದ್ದೇನೆ.

೧. ಮೂಲೆಗೊಂದು ಮರೆ

ಮೊದಲ ಸಲ ಸಾಹುಕಾರರೇ ಫೋನ್ ಮಾಡಿದರು. ಮನೆಯ ಕಂಪ್ಯೂಟರಿನಲ್ಲಿ ಕರೆಯದವರೆಲ್ಲ ಬರುತ್ತಿದ್ದಾರೆ, ಬೇಗ ಬಾ ಅಂದರು. ಹೋಗಿ ನೋಡಿದರೆ ಸ್ಕ್ರೀನಿನ ಕೆಳಗಿನ ಬಲಮೂಲೆಗೆ ಯಾರದೋ ಹಳೇ ಲಗ್ನಪತ್ರಿಕೆಯ ಅರ್ಧವನ್ನು ಹರಿದು ಅಂಟಿಸಿದ್ದರು. ಇದೇನು ಎಂದು ಸಾಹುಕಾರರ ಹೆಂಡತಿಯನ್ನು ಕೇಳಿದೆ. ಜಾಹೀರಾತುಗಳು ಆ ಮೂಲೆಯಿಂದಲೇ ಏಳುತ್ತವೆ, ಬೋಳುತಲೆಗೆ ಎಣ್ಣೆ, ಹೊಟ್ಟೆ ಕರಗಿಸುವ ಪುಡಿ, ರಮ್ಮಿ ಆಟ, ಬಂದ ನೆಂಟರು ನೋಡಿದರೆ ಏನು ತಿಳಿದುಕೊಂಡಾರು, ಅದಕ್ಕೇ ಮರೆ ಮಾಡಿದ್ದೇನೆ ಎಂದರು. ಮರೆಯ ಹಿಂದೆ ಗಡಿಯಾರವೂ ಹೋಗಿತ್ತು. ಸಾಹುಕಾರರಿಗಂತೂ ತಲೆ ಪೂರಾ ಬೋಳು, ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಈ ಮಷೀನು ತಮ್ಮನ್ನು ಎಲ್ಲಿಂದ ನೋಡಿತು ಎಂದು ಅವರಿಗೆ ನಿಜವಾಗಿಯೂ ಅನುಮಾನವಿತ್ತು.

ಸೆಟ್ಟಿಂಗ್ಸ್ ತೆರೆದು ನೋಡಿದೆ. ವೆಬ್‌ಸೈಟುಗಳು ಮೊದಲ ಸಲ ಬಂದಾಗ 'ನಿಮಗೆ ಆಗಾಗ ಸುದ್ದಿ ಕಳಿಸಲೇ?' ಎಂದು ಕೇಳುತ್ತವೆ. ಬೇಕಾದರೆ 'ಅಲೋ' ಒತ್ತಬೇಕು, ಬೇಡವಾದರೆ 'ಬ್ಲಾಕ್'. ಈ ಮನೆಯಲ್ಲಿ ಯಾರೋ ಮೂವತ್ತೆಂಟು ಸೈಟುಗಳಿಗೆ ಅಲೋ ಒತ್ತಿದ್ದರು. ಮೂವತ್ತೆಂಟನ್ನೂ ಕಿತ್ತುಹಾಕಿದೆ.

ಹೊರಡುವಾಗ ಸಾಹುಕಾರರ ಮಗಳು ಬಾಗಿಲವರೆಗೂ ಬಂದಳು. ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ನಾನು ನೋಡುತ್ತ ಬಂದ ಹುಡುಗಿ. ಬಳ್ಳಾರಿಯಲ್ಲಿ ಜೊತೆಗೆ ಓದಿದ ರಾಯಚೂರಿನ ಹುಡುಗನನ್ನು ಮೆಚ್ಚಿದ್ದಳು, ಅವನೂ ಇವಳನ್ನು ಮೆಚ್ಚಿದ್ದ. ಇವಳ ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಬಾಕಿ ಇದ್ದದ್ದು ಹುಡುಗನ ತಂದೆಯ ಒಂದು ಮಾತು. ಅವರು ಕಾಲು ಮುರಿದುಕೊಂಡು ಮಲಗಿದ್ದರಿಂದ ಹೆಣ್ಣು ನೋಡುವ ಶಾಸ್ತ್ರ ಇದೇ ಕಂಪ್ಯೂಟರಿನ ವಿಡಿಯೋದಲ್ಲಿ ಆಗಬೇಕಿತ್ತು. ಆ ಮನುಷ್ಯ ಹಿಂದೆ ಒಂದು ಸಂಬಂಧವನ್ನು, ಮಾತಾಡುವಾಗ ಆ ಮನೆಯವರು ಟಿವಿ ಆರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಬಿಟ್ಟು ಎದ್ದು ಬಂದಿದ್ದರಂತೆ.

'ಅಣ್ಣಾ, ಅವ್ರ ಮುಂದ ಒಂದು ರಮ್ಮಿ ಜಾಹೀರಾತು ಬಂತಂದ್ರ ನನ್ನ ಮದಿವಿ ಮುಗೀತು' ಅಂದಳು.

ಒಂದೂ ಬರುವುದಿಲ್ಲ, ಇದು ನನ್ನ ಮಾತು ಎಂದು ಎದೆ ತಟ್ಟಿ ಹೇಳಿದೆ. ತಿರುಗಿ ನೋಡಿದರೆ ಆಕೆಯ ತಾಯಿ ಆ ಹರಿದ ಲಗ್ನಪತ್ರಿಕೆಯನ್ನು ಜೋಪಾನವಾಗಿ ಮಡಿಸಿ ಡ್ರಾಯರಿನಲ್ಲಿ ಇಡುತ್ತಿದ್ದರು.

'ನಿನ್ ಮ್ಯಾಲ ನಂಬಿಕಿ ಐತಿ ತಮ್ಮಾ,' ಅಂದರು, 'ಆದ್ರೂ ಇದು ಇರ್ಲಿ.'

೨. ಕೇಳಿ ಬಂದವರು

ಐದು ದಿನಕ್ಕೆ ಮತ್ತೆ ಫೋನ್. 'ಮಳ್ಳೀ ವಚ್ಚಿನಾಯಪ್ಪಾ!' ಅಂದರು ಸಾಹುಕಾರರು, ಮತ್ತೆ ಬಂದಿವೆ ಎಂದು. ನಮ್ಮ ಕಡೆ ಸಿಟ್ಟು ಬಂದರೆ ಎಂಥವರೂ ತೆಲುಗಿಗೆ ಇಳಿಯುತ್ತಾರೆ. ನನಗೂ ಸಿಟ್ಟು ಬಂತು. ಮೂವತ್ತೆಂಟನ್ನು ಕೈಯಾರೆ ಕಿತ್ತಿದ್ದೇನೆ, ಬರುವುದು ಹೇಗೆ? ಮರುದಿನ ಬೆಳಿಗ್ಗೆ ಎಂಟಕ್ಕೇ ಹೋಗಿ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ.

ಸಾಹುಕಾರರು ಹಣೆ ತುಂಬ ವಿಭೂತಿ ಧರಿಸಿ ಬಂದು, ಕಂಪ್ಯೂಟರಿಗೆ ಕೈಮುಗಿದು, ಹತ್ತಿ ಧಾರಣೆ ನೋಡಲು ಒಂದು ಸೈಟ್ ತೆರೆದರು. ಸುದ್ದಿ ಕಳಿಸಲೇ ಎಂದು ಅದು ಕೇಳಿತು. ಓದದೆಯೇ ಅಲೋ ಒತ್ತಿದರು. ಇನ್ನೊಂದು ಕೇಳಿತು, ಅದಕ್ಕೂ ಅಲೋ. ಮೂರನೆಯದಕ್ಕೆ ನಾನು ಅವರ ಕೈ ಹಿಡಿದೆ. ಇವರನ್ನೆಲ್ಲ ಒಳಗೆ ಕರೆದವರು ನೀವೇ ಅಂದೆ.

'ಹೌದು. ಇನ್ನ ಬೋಣಿ ಆಗಬೇಕಲ್ಲ' ಅಂದರು ಸಮಾಧಾನವಾಗಿ.

ಆಗ ನನಗೆ ಅರ್ಥವಾಯಿತು. ದಿನದ ಮೊದಲ ವ್ಯಾಪಾರ ಬೋಣಿ. ಅದು ಆಗುವ ತನಕ ಬಂದವರಿಗೆ ಇಲ್ಲ, ಬೇಡ ಎನ್ನಬಾರದೆಂಬುದು ನಮ್ಮ ಪೇಟೆಯಲ್ಲಿ ಹಲವರು ಪಾಲಿಸುವ ಪದ್ಧತಿ. ಇವರು ಅದನ್ನು ನಲವತ್ತು ವರ್ಷದಿಂದ ಒಂದು ದಿನವೂ ಮುರಿದಿರಲಿಲ್ಲ. ಸರಕು ಮುಗಿದಿದ್ದರೂ ಇಲ್ಲ ಅನ್ನದೆ 'ನಾಳಿ ಬರ್ತೈತಿ' ಅನ್ನುತ್ತಾರೆ. ಅಂಗಡಿ ತೆರೆಯುವುದು ಹತ್ತಕ್ಕೆ, ಕಂಪ್ಯೂಟರ್ ತೆರೆಯುವುದು ಎಂಟಕ್ಕೆ. ನಡುವಿನ ಎರಡು ಗಂಟೆಯಲ್ಲಿ ಯಾವ ಸೈಟು ಏನು ಕೇಳಿದರೂ ಸಿಗುತ್ತಿತ್ತು. ಅನುಮಾನಕ್ಕೆ ಬ್ಲಾಕ್ ಆದವರ ಪಟ್ಟಿಯನ್ನೂ ತೆರೆದು ನೋಡಿದೆ. ಅದರಲ್ಲಿದ್ದ ಎಂಟು ಹತ್ತು ಸೈಟುಗಳು ಮಧ್ಯಾಹ್ನದ ಮೇಲೆ ಬಂದ ನತದೃಷ್ಟರು ಎಂದು ಸಾಹುಕಾರರೇ ಹೇಳಿದರು.

ರಮ್ಮಿ ಆಡಿಸುವವರಿಗೂ ಮರ್ಯಾದೆಯೇ ಎಂದು ಕೇಳಿದೆ.

'ಕೇಳಿ ಬಂದಾರ ತಮ್ಮಾ,' ಅಂದರು ಅವರು. 'ಕೇಳದ ಬಂದಿದ್ರ ನಾನ ಹೊರಗ ದಬ್ಬತಿದ್ದೆ.'

೩. ಹೆಡ್‌ಫೋನ್ ಹುಡುಗಿ

ಮೂರನೆಯ ಸಲ ಕರೆದದ್ದು ಮಗಳು. ಸ್ಕ್ರೀನಿನ ಮೂಲೆಯಲ್ಲಿ ಒಬ್ಬ ಹುಡುಗಿ ನಿಂತುಬಿಟ್ಟಿದ್ದಾಳೆ, ಅಮ್ಮ ಆಕೆಯನ್ನು ತೆಗೆಯಲು ಬಿಡುತ್ತಿಲ್ಲ ಅಂದಳು.

ಅದು ಸಾಲ ಕೊಡುವ ಯಾವುದೋ ಸೈಟಿನ ಚಾಟ್ ಡಬ್ಬಿ. ಹೆಡ್‌ಫೋನ್ ಹಾಕಿಕೊಂಡು ನಗುವ ಹುಡುಗಿಯ ಫೋಟೋ, ಕೆಳಗೆ 'ನಮಸ್ಕಾರ, ನಾನು ನಿಮಗೆ ಹೇಗೆ ನೆರವಾಗಲಿ?' ಎಂಬ ಮಾತು. ತಾಯಿ ಎರಡು ದಿನದಿಂದ ಆಕೆಯ ಜೊತೆ ಮಾತಿಗಿಳಿದಿದ್ದರು. ಯಾವ ಊರು, ಯಾರ ಪೈಕಿ, ಊಟ ಆಯಿತೇ ಎಂದೆಲ್ಲ ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದ್ದರು. ಪ್ರತಿಯೊಂದಕ್ಕೂ ಆ ಕಡೆಯಿಂದ ಬಂದ ಉತ್ತರ ಒಂದೇ: ಗೃಹಸಾಲಕ್ಕೆ ಒಂದು ಒತ್ತಿ, ಬೆಳೆಸಾಲಕ್ಕೆ ಎರಡು ಒತ್ತಿ. ಪಾಪ, ಯಜಮಾನ ಪಕ್ಕದಲ್ಲೇ ನಿಂತಿರಬೇಕು, ಅದಕ್ಕೇ ಆಕೆ ಬಾಯಿ ಬಿಡುತ್ತಿಲ್ಲ ಎಂದು ಅವರ ತೀರ್ಮಾನ.

ಅದು ಮನುಷ್ಯಳೇ ಅಲ್ಲ, ಮಷೀನು ಬರೆದ ಉತ್ತರ ಎಂದು ಅರ್ಧ ಗಂಟೆ ವಿವರಿಸಿದೆ. ಒಪ್ಪಿದ ಹಾಗೆ ತಲೆ ಆಡಿಸಿದರು. ಆದರೆ ನಾನು ಡಬ್ಬಿ ಮುಚ್ಚಲು ಹೋದಾಗ ತಡೆದರು.

'ಹೆಣ್ಮಗಳು ಮನಿಗೆ ಬಂದಾಳ, ಕುಂಕುಮ ಕೊಡದ ಹೆಂಗ ಕಳಿಸಲಿ? ಕೊರಳಾಗ ತಾಳಿ ಐತೇನು ನೋಡೂಣಂದ್ರ ಆ ವಯರ್ ಅಡ್ಡ ಬಂದೈತಿ' ಅಂದರು.

ಕೊನೆಗೆ ಒಳಗೆ ಹೋಗಿ ಬಟ್ಟಲು ತಂದು, ಸ್ಕ್ರೀನಿನ ಮೇಲೆಯೇ ಆಕೆಯ ಹಣೆಗೆ ಕುಂಕುಮ ಹಚ್ಚಿ, ಈಗ ಕಳಿಸು ಅಂದರು. ಹುಡುಗಿಯನ್ನು ತೆಗೆಯಲು ನನಗೆ ಹಿಡಿದದ್ದು ಎರಡು ಸೆಕೆಂಡು. ಕುಂಕುಮ ತೆಗೆಯಲು ಮುಕ್ಕಾಲು ಗಂಟೆ.

೪. ಪೂರಾ ಬೀಗ

ಇನ್ನು ಇವರ ಕೈಗೆ ಬಿಟ್ಟರೆ ಆಗದು ಎಂದು ಅದೇ ವಾರ ಮತ್ತೆ ಹೋಗಿ ಯಾವ ಸೈಟೂ ಸುದ್ದಿ ಕಳಿಸಲೇ ಎಂದು ಕೇಳದಂತೆ, ಏನೂ ಕಳಿಸದಂತೆ ಪೂರಾ ಬೀಗ ಹಾಕಿದೆ. ಈ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಬೇಸರವಾಯಿತು.

ಒಂದು ದಿನ ಸುಮ್ಮನಿದ್ದರು. ಎರಡನೆಯ ದಿನ ಸಾಹುಕಾರರು ಧಾರಣೆಯ ಸುದ್ದಿಯೂ ನಿಂತಿದೆ ಎಂದು ಫೋನ್ ಮಾಡಿ, ನನ್ನನ್ನು ಕೇಳಿಕೊಂಡು ತಾವೇ ಬೀಗ ತೆಗೆದರು. ಹೆಣ್ಣು ನೋಡುವ ದಿನ ನಾನೇ ಬಂದು ಬೀಗ ಹಾಕಿ, ಮುಗಿದ ಮೇಲೆ ತೆಗೆಯುವುದು ಎಂದು ರಾಜಿಯಾಯಿತು. ಶಾಸ್ತ್ರವನ್ನು ಬೋಣಿ ಆದ ಮೇಲೆ, ಸಂಜೆಗೆ ಇಟ್ಟುಕೊಳ್ಳಿ ಎಂದು ಬೇಡಿಕೊಂಡೆ. ಮಠದ ಅಯ್ಯನವರು ಸೋಮವಾರ ಬೆಳಿಗ್ಗೆ ಒಂಬತ್ತು ಎಂದು ಹೇಳಿಯಾಗಿದೆ, ಬದಲಿಸಲು ಬರುವುದಿಲ್ಲ ಅಂದರು ಸಾಹುಕಾರರು. ಸಾಹುಕಾರರ ಹೆಂಡತಿ ಫೋನ್ ಇಸಿದುಕೊಂಡು, ಬೀಗ ತೆಗೆದದ್ದು ಒಳ್ಳೆಯದೇ ಆಯಿತು ಎಂದರು.

'ಎರಡು ದಿನದಿಂದ ಯಾರೂ ಬರಲಿಲ್ಲ ನೋಡು. ಮನಿ ಬಿಕೋ ಅನ್ನಾಕ ಹತ್ತಿತ್ತು.'

೫. ಸೋಮವಾರ, ಒಂಬತ್ತು ಗಂಟೆ

ಎಂಟೂವರೆಗೇ ಹೋಗಿ ಬೀಗ ಹಾಕಿದೆ. ಮೂರು ಸಲ ಪರೀಕ್ಷಿಸಿದೆ. ಒಂಬತ್ತಕ್ಕೆ ರಾಯಚೂರಿನವರು ಸ್ಕ್ರೀನಿನಲ್ಲಿ ಬಂದರು. ಹುಡುಗನ ತಂದೆ ದಿಂಬಿಗೆ ಒರಗಿ ಕುಳಿತಿದ್ದರು, ಪ್ಲಾಸ್ಟರ್ ಹಾಕಿದ ಕಾಲು ಮುಂದಿತ್ತು, ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅವರದೂ ರಾಯಚೂರಿನಲ್ಲಿ ಹತ್ತಿಕಾಳಿನ ವ್ಯಾಪಾರ. ಹುಡುಗಿಯನ್ನು ಎರಡು ಪ್ರಶ್ನೆ ಕೇಳಿದರು, ಆಕೆ ಚೆನ್ನಾಗಿ ಉತ್ತರಿಸಿದಳು. ನಾನು ಕ್ಯಾಮೆರಾಕ್ಕೆ ಕಾಣದಂತೆ ಬಾಗಿಲ ಹತ್ತಿರ ನಿಂತು ಒಳಗೊಳಗೇ ಬೀಗುತ್ತಿದ್ದೆ.

ಮನೆತನದ ಫೋಟೋ ಇದ್ದರೆ ತೋರಿಸಿ ಅಂದರು ಅವರು. ಫೋಟೋಗಳನ್ನು ಪಕ್ಕದ ಟ್ಯಾಬಿನಲ್ಲಿ ನಾನೇ ತೆರೆದಿಟ್ಟಿದ್ದೆ. ಅವರಿಗೂ ಕಾಣುವಂತೆ ಮಗಳು ಸ್ಕ್ರೀನ್ ಹಂಚಿದಳು, ಸಾಹುಕಾರರು ಮೌಸ್ ಹಿಡಿದು ಟ್ಯಾಬ್ ಒತ್ತಿದರು. ಒತ್ತಿದ್ದು ಒಂದು ಟ್ಯಾಬ್ ಆಚೆಗಿನದನ್ನು. ಮಗಳು ತನ್ನ ಮನಸ್ಸು ಹೇಳುವುದಕ್ಕೂ ಮುಂಚೆ ತಾಯಿ ವರ ಹುಡುಕಲು ನೋಡುತ್ತಿದ್ದ ಸೈಟು ಅಲ್ಲಿ ತೆರೆದೇ ಇತ್ತು. ನನ್ನ ಬೀಗ ಹೊರಗಿನಿಂದ ಬರುವವರಿಗೆ. ತಾವೇ ತೆರೆದ ಪುಟದೊಳಗಿಂದ ಏಳುವ ಡಬ್ಬಿಯನ್ನು ಅದು ತಡೆಯುವುದಿಲ್ಲ. ಸ್ಕ್ರೀನಿನ ತುಂಬ ಒಂದು ಡಬ್ಬಿ ಎದ್ದಿತು: 'ಇದಕ್ಕಿಂತ ಒಳ್ಳೆಯ ವರ ಬಂದರೆ ತಿಳಿಸಲೇ?' ಕೆಳಗೆ ಎರಡು ಗುಂಡಿ, 'ಹೌದು' ಮತ್ತು 'ಬೇಡ'.

ಹುಡುಗನ ತಂದೆ ಅದನ್ನು ಗಟ್ಟಿಯಾಗಿ ಓದಿದರು.

ಗಂಟೆ ಒಂಬತ್ತೂ ಕಾಲು. ಬೋಣಿ ಆಗಿರಲಿಲ್ಲ. ಹೌದು ಒತ್ತಿದರೆ ಮಗಳ ಸಂಬಂಧ ಹೋಯಿತು, ಬೇಡ ಒತ್ತಿದರೆ ನಲವತ್ತು ವರ್ಷದ ವ್ರತ ಹೋಯಿತು. ಸಾಹುಕಾರರು ಮೌಸಿನ ಬಾಣವನ್ನು ಎರಡು ಗುಂಡಿಗಳ ನಡುವೆ ತಂದು ನಿಲ್ಲಿಸಿಬಿಟ್ಟರು. ಟ್ಯಾಬ್ ಮುಚ್ಚಿರಿ ಎಂದು ನಾನು ಸನ್ನೆ ಮಾಡಿದೆ. ಕೇಳಿದವರ ಮುಖಕ್ಕೆ ಬಾಗಿಲು ಹಾಕುವುದೂ ಅದೇ ಲೆಕ್ಕ ಎಂಬಂತೆ ಅವರು ನನ್ನನ್ನು ನೋಡಿದರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಎದೆ ತಟ್ಟಿ ಮಾತು ಕೊಟ್ಟಿದ್ದ ನನಗೆ ಭೂಮಿಗೆ ಇಳಿದುಹೋಗೋಣ ಅನ್ನಿಸಿತು. ತಾಯಿ ಮಾತ್ರ ಸರಸರನೆ ಡ್ರಾಯರಿನಿಂದ ಲಗ್ನಪತ್ರಿಕೆಯ ತುಂಡು ತೆಗೆದು ಡಬ್ಬಿಯ ಮೇಲೆ ಒತ್ತಿ ಹಿಡಿದರು. ಇಲ್ಲಿ ನಮಗೆ ಮರೆಯಾಯಿತು, ರಾಯಚೂರಿನಲ್ಲಿ ಹಾಗೇ ಕಾಣುತ್ತಿತ್ತು.

ಹುಡುಗನ ತಂದೆ ಆ ಅಲ್ಲಾಡದ ಮೌಸಿನ ಬಾಣವನ್ನೇ ಬಹಳ ಹೊತ್ತು ನೋಡಿದರು.

'ಸಾಹುಕಾರ್ರ, ಬೋಣಿ ಆಗೈತೇನ್ರಿ?' ಎಂದು ಕೇಳಿದರು.

ಸಾಹುಕಾರರು ಅದಕ್ಕೂ ಇಲ್ಲ ಅನ್ನಲಿಲ್ಲ. 'ಇನ್ನ ಆಗಬೇಕ್ರಿ' ಅಂದರು.

ಆ ಮನುಷ್ಯ ಪ್ಲಾಸ್ಟರ್ ಕಾಲು ಅಲುಗುವಂತೆ ನಕ್ಕರು. ನಕ್ಕು ಮುಗಿಸಿ, 'ಮಗಳ ಮದಿವಿ ಮಾತಿನಾಗೂ ಪದ್ಧತಿ ಬಿಡಲಿಲ್ಲ ನೀವು. ಇಂಥ ಮನಿ ಹುಡಿಗಿ ನಮಗ ಬೇಕ್ರಿ. ನನ್ನ ಒಪ್ಪಿಗಿನ ಇವತ್ತಿನ ಬೋಣಿ ಅಂತ ತಿಳಕೊಂಡು, ಇನ್ನ ಅದನ್ನ ಒತ್ತಿರಿ' ಅಂದರು.

ಸಾಹುಕಾರರು ಒತ್ತಿದ ರಭಸಕ್ಕೆ ಮೇಜು ಅಲ್ಲಾಡಿತು. ಬೇಡ. ಅಷ್ಟಕ್ಕೆ ನಿಲ್ಲಲಿಲ್ಲ. ಬೋಣಿ ಆಗಿತ್ತಲ್ಲ, ಬೆಳಿಗ್ಗೆಯಿಂದ ತಡೆಹಿಡಿದಿದ್ದ ಕೈ ತೆರೆದಿದ್ದ ಸೈಟುಗಳನ್ನೆಲ್ಲ ಪಟಪಟನೆ ಮುಚ್ಚತೊಡಗಿತು. ಮಗಳು ಕಣ್ಣೊರೆಸಿಕೊಂಡು, 'ಬೋಣಿ ಆಗಾಕ ನಾನೇನು ಹತ್ತಿ ಮೂಟಿ ಏನಪ್ಪಾ' ಎಂದು ಅಪ್ಪನನ್ನು ಬೈಯುತ್ತ ನಗುತ್ತಿದ್ದಳು. ತಾಯಿ ಸಕ್ಕರೆ ತರಲು ಒಳಗೆ ಓಡಿದರು. ನನಗೂ ಕಣ್ಣು ಮಂಜಾಗಿತ್ತು, ಅದಕ್ಕೇ ಮುಂದಿನದನ್ನು ತಡೆಯಲು ಆಗಲಿಲ್ಲ. ಸ್ಕ್ರೀನ್ ಹಂಚುವುದು ನಿಂತ ಮೇಲೆ ವಿಡಿಯೋ ಸೈಟು, ಕ್ಯಾಮೆರಾ ಮತ್ತೆ ಹಾಕಲೇ ಎಂದು ವಿನಯದಿಂದ ಕೇಳಿತು. ಸಾಹುಕಾರರು ಅದಕ್ಕೂ ಬ್ಲಾಕ್ ಒತ್ತಿ, ವಿಡಿಯೋವನ್ನೂ ಮುಚ್ಚಿ, ಕೈ ಕೊಡವಿಕೊಂಡು ಕುಳಿತರು.

ಅರ್ಧ ನಿಮಿಷಕ್ಕೆ ಅವರ ಫೋನ್ ರಿಂಗಣಿಸಿತು. ರಾಯಚೂರಿನದು. ಸ್ಪೀಕರ್ ಹಾಕಿದರು.

'ಒಪ್ಪಿಗಿ ಕೊಟ್ಟು ಎರಡು ನಿಮಿಷ ಆಗಿಲ್ಲ,' ಅಂದಿತು ಆ ಕಡೆಯ ಧ್ವನಿ, 'ಮೊದಲ ಬ್ಲಾಕ್ ನನಗ ಮಾಡಿದಿರೇನ್ರಿ, ಬೀಗರ?'