ಜಿಗಣೆ ಮೆಚ್ಚಿದ ಎಣ್ಣೆ

ಮಕ್ಕಳ ಓದಿಗಾಗಿ ರಕ್ತ ಸುರಿಸಿದೆವು ಎಂದು ತಂದೆತಾಯಿಗಳು ಹೇಳುವುದುಂಟು. ಅದು ಮಾತಿನ ಚಂದಕ್ಕೆ. ನಾನು ಮಾತ್ರ ನಿಜವಾಗಿಯೇ ಸುರಿಸಿದ್ದೇನೆ, ಅದೂ ಎರಡೂ ಕಾಲಿನಿಂದ.

ನನ್ನ ಮಗಳು ದೀಕ್ಷಾ ಪ್ರಾಣಿಶಾಸ್ತ್ರ ಓದಲು ಒಂದು ಕಾಲೇಜಿನ ಮೇಲೆ ಕಣ್ಣಿಟ್ಟಿದ್ದಳು. ಸೀಟು ಬೆರಳೆಣಿಕೆ. ಅಂಕದ ಜೊತೆಗೆ ವಿದ್ಯಾರ್ಥಿ ಸ್ವಂತವಾಗಿ ಏನಾದರೂ ಸಂಶೋಧನೆ ಮಾಡಿದ್ದರೆ ಅಲ್ಲಿ ಅದಕ್ಕೂ ಬೆಲೆಯಂತೆ. ನಮ್ಮ ಕಾಲದಲ್ಲಿ ಟಿ.ಸಿ. ಮತ್ತು ಒಂದು ಫೋಟೋ ಸಾಕಿತ್ತು; ಫೋಟೋದಲ್ಲಿ ಎರಡೂ ಕಿವಿ ಕಾಣಬೇಕೆಂಬುದೊಂದೇ ಕಠಿಣ ನಿಯಮ. ದೀಕ್ಷಾಳ ಗಣಿತದ ಅಂಕವೋ, ನಮ್ಮೂರು ಕಕ್ಕಬೆಯ ಮೊಬೈಲ್ ಸಿಗ್ನಲ್ಲಿನ ಹಾಗೆ, ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸಂಶೋಧನೆಯೇ ಗತಿಯಾಯಿತು.

ಅವಳು ಆರಿಸಿಕೊಂಡ ವಿಷಯ, ಜಿಗಣೆಗೆ ಯಾವ ಮದ್ದು ನಿಜಕ್ಕೂ ಹಿಡಿಯುತ್ತದೆ ಎಂಬುದು. ಮಳೆಗಾಲದಲ್ಲಿ ಬೆಟ್ಟ ಹತ್ತಲೆಂದು ನಮ್ಮ ಹೋಂಸ್ಟೇಗೆ ಬರುವವರೆಲ್ಲ ಕೇಳುವುದೂ ಅದನ್ನೇ. ಅವರಿಗೆಂದೇ ನಾನೊಂದು ಎಣ್ಣೆ ಕಾಯಿಸಿ ಸೀಸೆಯಲ್ಲಿ ಮಾರುತ್ತಿದ್ದೆ. ಅಜ್ಜನ ಕಾಲದ ಗುಟ್ಟು ಎನ್ನುತ್ತಿತ್ತು ಅದರ ಲೇಬಲ್ಲು. ಅಜ್ಜ ಮಳೆಗಾಲದಲ್ಲಿ ಜಗಲಿ ಬಿಟ್ಟು ಇಳಿದವರೇ ಅಲ್ಲ.

ಪ್ರಯೋಗಕ್ಕೆ ಕಾಲು ಬೇಕಲ್ಲ? ಹೆಂಡತಿ ಕಮಲ ನಮ್ಮ ಅರೆಭಾಷೆಯಲ್ಲಿ ಮೊದಲೇ ಕೈ ತೊಳೆದುಕೊಂಡಳು. "ನಂಗೆ ಒಲೆ ಮುಂದೆ ಕೆಲಸ ಉಟ್ಟು. ನಿಮ್ಮ ಕಾಲಿಗೆ ಎಂಥ ಕೆಲಸ?" ಹೀಗೆ ನಾನು ಪಂಚೆ ಮೇಲೆತ್ತಿ ಏಲಕ್ಕಿ ಗಿಡಗಳ ನಡುವೆ ನಿಂತೆ. ಒಂದು ಕಾಲಿಗೆ ಉಪ್ಪೋ, ಸಾಬೂನೋ, ಹೊಗೆಸೊಪ್ಪು ಸುಣ್ಣವೋ, ಇನ್ನೊಂದು ಬರಿಗಾಲು. ಜೀಪಿನಲ್ಲಿ ಹೋಗುತ್ತಿದ್ದ ನೆರೆಮನೆಯ ಪೊನ್ನಪ್ಪ ಬ್ರೇಕ್ ಹಾಕಿ, "ಎಂಥ ಗೌಡ್ರೇ, ಹರಕೆಯಾ?" ಎಂದ.

"ಅಲ್ಲ ಮಾರಾಯ, ಅಡ್ಮಿಷನ್!"

ಹೊಗೆಸೊಪ್ಪು ಸುಣ್ಣ ಗೆದ್ದಿತು. ಕೊನೆಗೆ ನನ್ನ ಎಣ್ಣೆಯ ಸರದಿ. ದೀಕ್ಷಾ ಬಗ್ಗಿ ನೋಡಿ ನಿಧಾನವಾಗಿ ಹೇಳಿದಳು, "ಅಪ್ಪಾ, ಬರಿಗಾಲಿಗಿಂತ ಎಣ್ಣೆ ಕಾಲಲ್ಲೇ ಜಿಗಣೆ ಜಾಸ್ತಿ ಉಟ್ಟು."

"ಆ ಸಾಲೊಂದು ಬಿಟ್ಟುಬಿಡು ಮಗಳೇ."

"ಬಿಟ್ಟರೆ ಅದು ಸಂಶೋಧನೆ ಅಲ್ಲ ಅಪ್ಪಾ, ನಿಮ್ಮ ಜಾಹೀರಾತು."

ನಾನು ಮುನಿಸಿಕೊಂಡು ಕಾಲು ಕೊಡುವುದಿಲ್ಲವೆಂದೆ. ಮಾರನೆಯ ಬೆಳಿಗ್ಗೆ ಅವಳು ಎಣ್ಣೆಯನ್ನು ತನ್ನ ಕಾಲಿಗೇ ಹಚ್ಚಿಕೊಂಡು, ಅದಕ್ಕೆ ಇನ್ನೊಂದು ಅವಕಾಶ ಕೊಡಲು ತೋಟಕ್ಕೆ ಹೋದಳು. ಹಿಂತಿರುಗುವಾಗ ಪಾದದವರೆಗೆ ರಕ್ತ ಇಳಿದಿತ್ತು. ನಾನು ಬಟ್ಟೆ ತಂದು ಒರೆಸುತ್ತಾ ಕೂತೆ. "ಬರಿ," ಎಂದೆ. "ಬರ್ದೇ ಆಗಿಟ್ಟು," ಎಂದಳು.

ಸಂದರ್ಶನ ಲ್ಯಾಪ್‌ಟಾಪಿನಲ್ಲೇ ನಡೆಯಿತು. ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದೆ. ನಿನಗೆ ಇಷ್ಟವಿಲ್ಲದ ಫಲಿತಾಂಶ ಬಂದಾಗ ಏನು ಮಾಡಿದೆ ಎಂದು ಮೇಡಂ ಒಬ್ಬರು ಕೇಳಿದರು.

"ನಮ್ಮಪ್ಪ ಮಾರುವ ಎಣ್ಣೆಯೇ ಸೋತಿತು ಮೇಡಂ. ಬರೀಬೇಡ ಅಂದ್ರು. ನನ್ನ ಕಾಲಿಗೆ ಹಚ್ಚಿ ಮತ್ತೆ ನೋಡಿದೆ. ಮತ್ತೂ ಸೋತಿತು. ಬರೆದೆ."

ಆ ಕಡೆಯಿಂದ ನಗು ಕೇಳಿಸಿತು. ಸೀಟೂ ಸಿಕ್ಕಿತು.

ಎಣ್ಣೆ ಮಾರುವುದನ್ನು ನಿಲ್ಲಿಸಿ, ಉಳಿದ ಸೀಸೆಗಳನ್ನು ಅಡುಗೆಮನೆಯ ಅಟ್ಟಕ್ಕೆ ಹಾಕಿದೆ. ಆದರೆ ಸೀಟಿನ ಕತೆ ಹೇಳುವುದನ್ನು ನಿಲ್ಲಿಸಲಾದೀತೇ? "ಎಲ್ಲ ನನ್ನ ಎಣ್ಣೆಯ ಗುಣ" ಎಂದೇ ಮುಗಿಸುತ್ತೇನೆ. ಮೊನ್ನೆ ಮಂಡ್ಯದಿಂದ ಬಂದಿದ್ದ ಅತಿಥಿಯೊಬ್ಬರು ಪೂರ್ತಿ ಕೇಳಿಸಿಕೊಂಡು, ಕುರ್ಚಿ ಹತ್ತಿರ ಎಳೆದು, "ನಮ್ಮ ಹುಡುಗ ಹತ್ತನೇ ಕ್ಲಾಸು ಸಾರ್. ಒಂದು ಸೀಸೆ ಸಿಕ್ಕುತ್ತಾ?" ಎಂದರು.

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಲು ಅಡುಗೆಮನೆಯ ಅಟ್ಟದ ಕಡೆ ಹೊರಟಾಗಿತ್ತು.